ಲಂಕೆಯ ರಾಕ್ಷಸನಿಗೆ ಒಂದು ಹಿಡಿ ಮಣ್ಣು

ಕೆಲಸದ ಮೇಲೆ ಕೋಲ್ಕತ್ತಕ್ಕೆ ಹೋಗಿದ್ದ ಮಗಳು ಮೊನ್ನೆ ಬರುವಾಗ ಒಂದು ಮಡಕೆ ಮಿಷ್ಟಿ ದೊಯಿ ತಂದಿದ್ದಳು. ಸಿಹಿ ಮೊಸರು ಮುಗಿಯುವುದಕ್ಕೆ ಎಷ್ಟು ಹೊತ್ತು ಹೇಳಿ? ಖಾಲಿ ಮಡಕೆಯನ್ನು ನಲ್ಲಿಯ ಕೆಳಗೆ ಹಿಡಿದೆ. ಹಸಿಮಣ್ಣಿನ ವಾಸನೆ ಘಮ್ಮೆಂದು ಎದ್ದಿತು, ನನ್ನ ಕೈ ಅಲ್ಲಿಗೇ ನಿಂತಿತು. ಇವಳು ಚಿಕ್ಕವಳಿದ್ದಾಗ, ನಾವು ಕಲ್ಕತ್ತದಲ್ಲಿದ್ದ ಕಾಲಕ್ಕೆ, ಅಂಥದೇ ಒಂದು ಮಡಕೆಯಲ್ಲಿ ನಾನು ಒಬ್ಬ ಸಜ್ಜನರ ಅನ್ನಕ್ಕೆ ಮಣ್ಣು ಹೊತ್ತುಕೊಂಡು ಹೋಗಿದ್ದೆ. ಬರೀ ಮಾತಿಗೆ ಹೇಳುತ್ತಿಲ್ಲ. ನಿಜವಾದ ಮಣ್ಣೇ.

"ಅಮ್ಮಾ, ಎಂತಾಯ್ತು?" ಎಂದಳು ಮಗಳು.

"ಪೈಲ್ವಾನ್ ಮಾಮ" ಎಂದೆ. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಯಾರು ಯಾರು ಇದ್ದರು ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಜ್ಜಿ ಕಥೆಗೆ ಕೈ ಹಾಕುವ ಮುಂಚೆ ಕಥೆಯೊಳಗಿನ ಜನರನ್ನೆಲ್ಲ ಕರೆದು ಸಾಲಾಗಿ ಕೂರಿಸುತ್ತಿದ್ದಳು. ಆ ಚಾಳಿ ನನಗೂ ಬಂದಿದೆ. ಕಲ್ಕತ್ತದ ಮೈದಾನದಲ್ಲಿ ಹಾಕಿದ್ದ ಒಂದು ದೊಡ್ಡ ಡೇರೆ, ಚಳಿಗಾಲದ ಭಾನುವಾರದ ಮಧ್ಯಾಹ್ನ. ಮುಂದಿನ ಸಾಲಿನಲ್ಲಿ ನಾವು ನಾಲ್ಕು ಜನ. ಮೊದಲು ನನ್ನ ಮಾವ, ಕುಂದಾಪುರದ ಕಡೆಯ ನಿವೃತ್ತ ಮೇಷ್ಟ್ರು, ಯಕ್ಷಗಾನದ ಹುಚ್ಚಿನವರು. ಅವರ ಪಕ್ಕ ಬ್ಯಾಂಕಿನಲ್ಲಿ ಆಫೀಸರಾಗಿದ್ದ ನಮ್ಮವರು. ಆಮೇಲೆ ನಾನು. ನನ್ನ ತೊಡೆಯ ಮೇಲೆ ಏಳು ವರ್ಷದ ಮಗಳು. ಎದುರಿಗೆ ಹಗ್ಗ ಬಿಗಿದ ಎತ್ತರದ ಕಟ್ಟೆ, ಅದರ ಮೇಲೆ ಬಿಳಿಯ ದಪ್ಪ ತಾಡಪತ್ರಿ, ಅದೇ ಟಾರ್ಪಾಲು. ನಮಗೆ ಪಾಸು ಕೊಟ್ಟು ಕರೆದವರು ಚನ್ನಪ್ಪ ಪೈಲ್ವಾನರು. ಅವರು ಮಾತ್ರ ಎಲ್ಲೂ ಕಾಣಿಸುತ್ತಿರಲಿಲ್ಲ.

ಚನ್ನಪ್ಪನವರು ಗದಗಿನ ಕಡೆಯವರು. ಕುಸ್ತಿ ನೋಡಿಯೇ ಬ್ಯಾಂಕು ಅವರಿಗೆ ಕೆಲಸ ಕೊಟ್ಟಿತ್ತು. ವಯಸ್ಸು ನಲವತ್ತು ದಾಟಿ ಪದಕಗಳು ಬರುವುದು ನಿಂತ ಮೇಲೆ ನಮ್ಮವರ ಶಾಖೆಯ ಬಾಗಿಲು ಕಾಯಲು ಹಾಕಿತ್ತು. ಬಾಗಿಲನ್ನು ಅವರು ಕಾಯುತ್ತಿದ್ದರೋ, ಅವರೇ ಬಾಗಿಲಾಗಿದ್ದರೋ ಹೇಳುವುದು ಕಷ್ಟ, ಅಂಥ ದೇಹ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ. ಭಾನುವಾರ ನಮ್ಮಲ್ಲೇ ಊಟ. "ಅಕ್ಕಾರ, ನಿಮ್ಮ ಕುಚಲಕ್ಕಿ ಅನ್ನಕ್ಕ ಹೊಟ್ಟಿ ತುಂಬತೈತ್ರಿ, ಆದ್ರ ಹಲ್ಲಿಗೆ ಕೆಲಸ ಸಿಗವಲ್ದು" ಎಂದು ನಗುತ್ತಿದ್ದರು. ಜೋಳದ ರೊಟ್ಟಿ ಕಲಿಯಲು ನಾನು ಪಟ್ಟ ಪಾಡನ್ನು ಬರೆಯುವುದಿಲ್ಲ. ಅದನ್ನು ತಿಂದೂ ಅವರು ಬದುಕಿದರು ಎನ್ನುವುದೊಂದೇ ಅವರ ಶಕ್ತಿಗೆ ಸಾಕ್ಷಿ.

ಗರಡಿಮನೆಯ ಕಥೆಗಳನ್ನು ನಾನು ಕೇಳಿದ್ದು ಅವರ ಬಾಯಿಂದಲೇ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ ಹಾಕಿ ಹದ ಮಾಡುತ್ತಾರಂತೆ. ಕುಸ್ತಿಗೆ ಮುಂಚೆ ಒಂದು ಹಿಡಿ ಎತ್ತಿ ಹಣೆಗೆ ಮುಟ್ಟಿಸಿಕೊಂಡು, ಮೈಗೆ ಸವರಿ, ಎದುರಾಳಿಯ ಮೈಗೂ ಹಾಕಬೇಕು. ಬೆನ್ನು ಮಣ್ಣಿಗೆ ಹತ್ತಿದರೆ ಸೋಲು. ಹದಿನೈದರ ವಯಸ್ಸಿನಲ್ಲಿ ಅವರ ಉಸ್ತಾದರು ಅವರ ಅಂಗೈಯಲ್ಲಿ ಮಣ್ಣು ಇಟ್ಟು ಭಾಷೆ ತೆಗೆದುಕೊಂಡಿದ್ದರಂತೆ: "ಗೆಲ್ಲೂದು, ಸೋಲೂದು ನಿನ್ನ ರಟ್ಟಿಗೆ ಬಿಟ್ಟದ್ದು. ಆದ್ರ ಮೊದ್ಲ ಮಾತಾಡ್ಕೊಂಡು ಬೆನ್ನು ಮಣ್ಣಿಗೆ ಹಚ್ಚಬ್ಯಾಡ." ಅಲ್ಲಿಂದ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅವರ ಬೆನ್ನು ಮಣ್ಣು ಕಂಡಿರಲಿಲ್ಲ. ಉಸ್ತಾದರು ಊರಲ್ಲಿ ಇನ್ನೂ ಇದ್ದರು.

ಇಂಥವರು "ಮೈದಾನದಾಗ ಕುಸ್ತಿ ಐತ್ರಿ, ಎಲ್ಲಾರೂ ಬರ್ರಿ" ಎಂದರೆ ನಾವು ಏನೆಂದುಕೊಂಡು ಹೋಗುತ್ತೇವೆ? ನಾನು ರೇಷ್ಮೆ ಸೀರೆಯುಟ್ಟು ಹೋಗಿದ್ದೆ!

ತಮಟೆ, ತುತ್ತೂರಿ, ಮೈಕಿನಲ್ಲಿ ಬಂಗಾಳಿಯ ಕೂಗು. ಮೊದಲು ಬಂದವನು "ಬಾಂಗ್ಲಾರ್ ಬಾಘ್", ಬಂಗಾಳದ ಹುಲಿ, ಹಳದಿ ಪಟ್ಟೆಯ ಚಡ್ಡಿ ತೊಟ್ಟ ಚೆಲುವ ಹುಡುಗ. ಡೇರೆಯೇ ಹಾರಿಹೋಗುವಷ್ಟು ಚಪ್ಪಾಳೆ. ಆಮೇಲೆ "ಲಂಕಾರ್ ರಾಕ್ಷಸ್" ಎಂದು ಕೂಗಿದರು. ಕೊಂಬಿನ ಮುಖವಾಡ, ಎರಡು ಕೋರೆಹಲ್ಲು, ಹೆಗಲ ಮೇಲೆ ಕರಿಯ ಕಂಬಳಿ. ಜನ ಥೂ ಥೂ ಎಂದರು. ನಾನೂ ಎಂದೆ, ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಆಗ ಆ ರಾಕ್ಷಸ ಹಗ್ಗದೊಳಗೆ ಕಾಲಿಡುವ ಮುಂಚೆ ಬಗ್ಗಿ, ನೆಲ ಮುಟ್ಟಿ, ಆ ಕೈಯನ್ನು ಕೊಂಬಿನ ಕೆಳಗೆ ಕಣ್ಣಿಗೊತ್ತಿಕೊಂಡ.

"ಅಮ್ಮಾ!" ಮಗಳು ನನ್ನ ಸೀರೆ ಎಳೆದಳು. "ದಟ್ ಈಸ್ ಪೈಲ್ವಾನ್ ಮಾಮ! ನಮ್ಮ ದೇವರ ರೂಮಲ್ಲಿ ಹೀಗೇ ಮಾಡ್ತಾರಲ್ಲ!"

ಥೂ ಎಂದ ಬಾಯಿ ತೆರೆದೇ ಇತ್ತು. ಮುಂದಿನ ಐದಾರು ನಿಮಿಷ ನಾನು ಕಂಡದ್ದನ್ನು ಹೇಗೆ ಹೇಳಲಿ? ಆ ಹುಡುಗ ಗಾಳಿಗೆ ಗುದ್ದುತ್ತಿದ್ದ, ನಮ್ಮ ಚನ್ನಪ್ಪನವರು ಗುದ್ದು ತಿಂದವರಂತೆ ತೂರಾಡುತ್ತಿದ್ದರು. ಅವನಿಗೆ ಒಂದು ಪಟ್ಟು ಬರುತ್ತಿರಲಿಲ್ಲ, ಕಾಲಿನ ನಿಲುವೂ ಗೊತ್ತಿರಲಿಲ್ಲ. ಕೊನೆಗೆ ಅವನು ಬೆರಳಲ್ಲಿ ದೂಡಿದಂತೆ ದೂಡಿದ. ಇವರು ಬುಡ ಕಡಿದ ಮರದ ಹಾಗೆ ಅಂಗಾತ ಬಿದ್ದರು. ಎರಡೂ ಹೆಗಲು ನೆಲಕ್ಕೆ. ಮೂರು ಎಣಿಸಿದರು. ಡೇರೆ ಕುಣಿಯಿತು. ನನಗೆ ಅಳು ಬಂದಿತ್ತು.

ನಮ್ಮವರು ಕಿವಿಯಲ್ಲಿ ಹೇಳಿದರು: "ಎಲ್ಲ ಮೊದಲೇ ಮಾತಾಡಿದ್ದು ಮಾರಾಯ್ತಿ. ನಮ್ಮ ಯೂನಿಯನ್ನು, ಮ್ಯಾನೇಜ್‌ಮೆಂಟು ಇದ್ದಹಾಗೆ. ಹೊರಗೆ ಘೋಷಣೆ, ಒಳಗೆ ಚಾ." ಕೆಂಪು ಬಾವುಟದ ಸರ್ಕಾರದ ಊರಲ್ಲಿ ಬ್ಯಾಂಕು ನಡೆಸುವವರಿಗೆ ಬೇರೆ ಹೋಲಿಕೆ ಹೊಳೆಯುವುದಾದರೂ ಹೇಗೆ?

ನಮ್ಮ ಮಾವ ಮಾತ್ರ ಪುಳಕಗೊಂಡಿದ್ದರು. ಅವರ ಪ್ರಕಾರ ರಾಕ್ಷಸನ ಬಣ್ಣದ ವೇಷ ಯಕ್ಷಗಾನದ ಮೇಳದಲ್ಲಿ ಸಣ್ಣವರಿಗೆ ಕೊಡುವಂಥದಲ್ಲ. ಮರುವಾರ ಊಟಕ್ಕೆ ಕೂತಾಗ ಪಾಠವೇ ಶುರುವಾಯಿತು. "ಚನ್ನಪ್ಪ, ಬಿದ್ದದ್ದು ಚೆಂದ ಆಯ್ತು. ಆದರೆ ಬೀಳುವ ಮುಂಚೆ ಒಂದು ಅಬ್ಬರ ಬೇಕು ಮಾರಾಯ. ರಾವಣ ಸುಮ್ಮನೆ ಸಾಯ್ತಾನಾ?"

"ಅದು ನಿಮ್ಮ ಆಟ್ರೀ ಮಾಸ್ತರ್ರ. ನಮ್ಮದು ಹಂಗಲ್ಲ" ಎಂದು ಚನ್ನಪ್ಪನವರು ತಟ್ಟೆ ನೋಡಿದರು. ನಾನು ತಡೆಯಲಾರದೆ, "ನಿಮಗೆ ಹೇಗೆ ಮನಸ್ಸು ಬಂತು?" ಎಂದು ಕೇಳಿಯೇಬಿಟ್ಟೆ. ಅವರು "ಅಲ್ಲಿ ಮಣ್ಣಿಲ್ರೀ ಅಕ್ಕಾರ. ತಾಡಪತ್ರಿ ಐತಿ. ಮಣ್ಣ ಇಲ್ಲ" ಎಂದರು.

ಆ ಮಾತನ್ನು ನಾವು ದೂರು ಎಂದುಕೊಂಡೆವು. ಮಣ್ಣಿಲ್ಲದ ಕಡೆ ಆಡಬೇಕಾಯಿತಲ್ಲ ಎಂಬ ಕೊರಗು ಎಂದುಕೊಂಡೆವು. ಅದರ ಒಳಗುಟ್ಟು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಆದರೆ ನಿಮ್ಮನ್ನೇಕೆ ಕತ್ತಲಲ್ಲಿ ಇಡಲಿ? ಅದು ದೂರಲ್ಲ, ಸಮಾಧಾನ. ಮೊದಲೇ ಮಾತಾಡಿಕೊಂಡು ಬೆನ್ನು ಮಣ್ಣಿಗೆ ಹಚ್ಚುವುದಿಲ್ಲ ಎಂದು ತಾನೇ ಭಾಷೆ ಕೊಟ್ಟದ್ದು? ತಾಡಪತ್ರಿಗೆ ಹಚ್ಚಿದರೆ ಭಾಷೆ ಮುರಿಯಲಿಲ್ಲವಲ್ಲ! ಆ ಒಂದು ಎಳೆ ಹಿಡಿದುಕೊಂಡು ಆ ಮನುಷ್ಯ ವಾರವಾರವೂ ಅಂಗಾತ ಬೀಳುತ್ತಿದ್ದರು. ಆ ವಯಸ್ಸಿನಲ್ಲಿ ಅವರನ್ನು ಕಣಕ್ಕೆ ಕರೆಯುವವರು ಬೇರೆ ಯಾರೂ ಇರಲಿಲ್ಲ. ಐದನೆಯ ಭಾನುವಾರ ಕೊನೆಯ ಆಟ. ಅದು ಚೆನ್ನಾಗಿ ನಡೆದರೆ ಕುಸ್ತಿ ಮೇಳದ ಜೊತೆ ಊರೂರು ಕರೆದೊಯ್ಯುತ್ತೇನೆ ಎಂದು ಡೇರೆಯ ಯಜಮಾನ ಮಾತು ಕೊಟ್ಟಿದ್ದ. "ಇನ್ನೊಂದ್ ನಾಕು ವರ್ಷ ಲಂಗೋಟಿ ಕಟ್ಟಬೋದ್ರೀ ಅಕ್ಕಾರ" ಎಂದಾಗ ಅವರ ಮುಖ ಮದುವೆ ಗೊತ್ತಾದವರ ಮುಖದಂತಿತ್ತು.

ಕೊನೆಯ ಆಟಕ್ಕೆ ನಾವು ಏನಾದರೂ ಕೊಡಬೇಕಲ್ಲ? ಶಾಲು, ಹಾರ ಎಂದು ಮಾವ ಯೋಚಿಸುತ್ತಿದ್ದರು. ಬುದ್ಧಿವಂತೆಯಾದ ನಾನು, "ಅವರಿಗೆ ಮಣ್ಣಿನದೇ ಕೊರಗಲ್ಲವಾ ಮಾವ, ಮಣ್ಣೇ ಕೊಡೋಣ" ಎಂದೆ. ಮಾವ ನನ್ನನ್ನು ಸರಸ್ವತಿಯನ್ನು ನೋಡಿದ ಹಾಗೆ ನೋಡಿದರು. ಶನಿವಾರ ಇಬ್ಬರೂ ಗಂಗೆಯ ಘಾಟಿನ ಪಕ್ಕದ ಅಖಾಡಕ್ಕೆ ಹೋದೆವು. ಹೆಂಗಸರು ಒಳಗೆ ಹೋಗುವಂತಿಲ್ಲ. ನಾನು ಹೊರಗೆ ನಿಂತೆ, ಮಾವ ತಮ್ಮ ಕುಂದಾಪುರದ ಹಿಂದಿಯಲ್ಲಿ ಕೇಳಿದರು. ನಾವು ದೊಯಿ ತಿಂದು ತೊಳೆದಿಟ್ಟಿದ್ದ ಮಡಕೆಗೆ ಮುದುಕ ಪೈಲ್ವಾನನೊಬ್ಬ ಎರಡೂ ಕೈಯಿಂದ ಮಣ್ಣು ತುಂಬಿಕೊಟ್ಟ. ಸಾಸಿವೆ ಎಣ್ಣೆಯ ವಾಸನೆ. ಟ್ರಾಮಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸೀಮಂತದ ಕಲಶ ಹೊತ್ತವಳಂತೆ ಬಂದೆ.

ಭಾನುವಾರ ಡೇರೆ ಕಿಕ್ಕಿರಿದಿತ್ತು. ರಾಕ್ಷಸ ಹಗ್ಗದೊಳಗೆ ಬಂದದ್ದೇ ತಡ, ಮಾವ ಎದ್ದು ನಿಂತು ಕಟ್ಟೆಯ ಹತ್ತಿರ ಹೋಗಿ, ಇಡೀ ಬಂಗಾಳಕ್ಕೆ ಕೇಳುವಂತೆ ಕರೆದರು: "ಚನ್ನಪ್ಪಾ! ತಗೋ ಮಾರಾಯ, ಅಖಾಡದ ಮಣ್ಣು!"

ಕೊಂಬಿನ ತಲೆ ಬಗ್ಗಿ ಮಡಕೆಯೊಳಗೆ ನೋಡಿತು. ಬಹಳ ಹೊತ್ತು ನೋಡಿತು. ಹಿರಿಯರು ಕೊಟ್ಟ ಮಣ್ಣು, ಬೇಡ ಎನ್ನುವಂತಿಲ್ಲ. ಅವರು ತೆಗೆದುಕೊಂಡು ಹಣೆಗೆ ಮುಟ್ಟಿಸಿದರು, ಎದೆಗೆ ಸವರಿಕೊಂಡರು. ಮುಂದಿನದನ್ನು ಮಾಡಿದ್ದು ಅವರಲ್ಲ, ಅಷ್ಟು ವರ್ಷದ ಅಭ್ಯಾಸದ ಕೈ. ಹುಲಿಯ ಹೆಗಲ ಮೇಲೆ ಒಂದು ಹಿಡಿ ಹಾಕಿತು. ಹುಲಿ ಸೀನಿತು. ಜನ ನಕ್ಕರು. ಉಳಿದದ್ದನ್ನು ಆ ಕೈ ಕಣದ ನಾಲ್ಕೂ ದಿಕ್ಕಿಗೆ ಎರಚಿತು. ಬಿಳಿಯ ತಾಡಪತ್ರಿ ಕೆಂಪಾಯಿತು. ಚನ್ನಪ್ಪನವರು ತಮ್ಮ ಪಾದವನ್ನೇ ನೋಡುತ್ತ ನಿಂತರು. ನಾನು ಕುರ್ಚಿಯಲ್ಲಿ ಬೀಗುತ್ತ ಕೂತಿದ್ದೆ.

ಆಟ ಶುರುವಾಯಿತು. ಹುಲಿ ಒದ್ದ, ಇವರು ಮಂಡಿಯೂರಿದರು. ದೂಡಿದ, ಬೋರಲು ಬಿದ್ದರು. ಮತ್ತೆ ದೂಡಿದ, ಮಗ್ಗುಲಿಗೆ ಬಿದ್ದು ಎದ್ದರು. ಅಂಗಾತ ಮಾತ್ರ ಬೀಳಲೊಲ್ಲರು. ಹುಲಿ ಅಪ್ಪಿ ಹಿಡಿದು ಪಿಸುಗುಟ್ಟಿದ್ದು ಮುಂದಿನ ಸಾಲಿಗೆ ಕೇಳಿತು: "ಶುಯೇ ಪೊಡೋ ದಾದಾ!" ಮಲಗಿಬಿಡು ಅಣ್ಣ, ಎಂದು.

ಮುಖವಾಡದೊಳಗಿನಿಂದ ಅಳುವಂಥ ದನಿ ಬಂತು: "ಮಿಟ್ಟೀ ಹೈ ಭಾಯಿ. ನೀಚೇ ಮಿಟ್ಟೀ ಹೈ." ಮಣ್ಣಿದೆ ತಮ್ಮ, ಕೆಳಗೆ ಮಣ್ಣಿದೆ, ಎಂದು.

ಹುಲಿಗೆ ಏನರ್ಥವಾಗಬೇಕು? ಯಜಮಾನ ಪಕ್ಕದಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದ. ಹುಡುಗ ರೇಗಿ ನಿಜವಾಗಿಯೇ ಕಪಾಳಕ್ಕೆ ಬಾರಿಸಿದ, ಕೊಂಬು ಹಿಡಿದು ಎಳೆದ. ಮುಖವಾಡ ಕಿತ್ತು ಕೈಗೆ ಬಂತು. ಬೆವರಿನಲ್ಲಿ ಕಲಸಿಹೋದ ವಿಭೂತಿ, ಒದ್ದೆ ಕಣ್ಣು. ಮರುಗಳಿಗೆ ಚನ್ನಪ್ಪನವರು ತಿರುಗಿ, ಅವನ ತೋಳು ಹಿಡಿದು, ಅಗಸ ಬಟ್ಟೆ ಒಗೆಯುವ ಹಾಗೆ ಹೆಗಲ ಮೇಲಿಂದ ಎತ್ತಿದರು. ಒಗೆಯಲಿಲ್ಲ, ತೊಟ್ಟಿಲಲ್ಲಿ ಮಲಗಿಸಿದಂತೆ ಮೆಲ್ಲಗೆ ಅಂಗಾತ ಇಳಿಸಿ, ಎದೆಯ ಮೇಲೆ ಅಂಗೈ ಊರಿದರು.

ಸಾವಿರ ಜನರ ಆ ಡೇರೆಯಲ್ಲಿ ನನ್ನ ಮಗಳು ಒಬ್ಬಳೇ ಚಪ್ಪಾಳೆ ತಟ್ಟಿದಳು. ಆಮೇಲೆ ಹಿಂದಿನಿಂದ ಒಂದು ದನಿ, ನೂರು ದನಿ, ಎಲ್ಲ ದನಿ: "ಚೋಲ್ಬೇ ನಾ! ಚೋಲ್ಬೇ ನಾ!" ನಡೆಯೋದಿಲ್ಲ, ನಡೆಯೋದಿಲ್ಲ. ಚಹಾದ ಕುಡಿಕೆಗಳು ಹಾರಿಬಂದವು. ನಮ್ಮವರು ಮಗಳನ್ನು ಬಗಲಿಗೆ ಹಾಕಿಕೊಂಡು ಓಡಿದರು.

ಡೇರೆಯ ಹಿಂದೆ ಯಜಮಾನ ಬೈಯಲೂ ಇಲ್ಲ. ಇನ್ನು ಬರಬೇಡಿ ಎಂದಷ್ಟೇ ಹೇಳಿ ಒಳಗೆ ಹೋದ. ಚನ್ನಪ್ಪನವರು ಕಂಬಳಿ ಹೊದ್ದು ಮರದ ಪೆಟ್ಟಿಗೆಯ ಮೇಲೆ ಕೂತು ಆಗ ನಮಗೆ ಎಲ್ಲವನ್ನೂ ಹೇಳಿದರು. ಅಂಗೈಯ ಮಣ್ಣು, ಉಸ್ತಾದರ ಭಾಷೆ ನಮಗೆ ಗೊತ್ತಿದ್ದವು; ಗೊತ್ತಿರದಿದ್ದದ್ದು ತಾಡಪತ್ರಿಯ ಸಮಾಧಾನ. ಮಾವ ಅವರ ಪಕ್ಕದಲ್ಲೇ ನೆಲಕ್ಕೆ ಕೂತರು. "ನಾನು ಎಂತ ಮಾಡಿಬಿಟ್ಟೆ ಚನ್ನಪ್ಪ" ಎಂದರು.

"ಮಾವ ಅಲ್ಲ, ನಾನು" ಎಂದೆ. "ನಂದೇ ಬುದ್ಧಿ ಅದು."

"ಬಿಡ್ರೀ ಅಕ್ಕಾರ. ನೀವು ತಂದ್ರಿ, ನಾ ಹಚ್ಕೊಂಡೆ." ಅವರು ಮೈಯ ಮಣ್ಣನ್ನು ಉಗುರಿನಿಂದ ಕೆರೆದು ನೋಡಿದರು. "ಹದ ಛಲೋ ಐತ್ರಿ. ಎಲ್ಲಿಂದ ತಂದ್ರಿ ಇದನ್ನ?"

ಅಂದಿನ ಆಘಾತ ನನ್ನಲ್ಲಿ ಇನ್ನೂ ಪೂರ್ತಿ ಇಳಿದಿಲ್ಲ. ಪ್ರೀತಿಯಿಂದ ಕೊಡುವಾಗ ನಾವು ಏನನ್ನೂ ಕೇಳುವುದಿಲ್ಲ ನೋಡಿ. ಈಗ ಯಾರಿಗಾದರೂ ಒಂದು ಹೂವು ಕೊಡುವುದಿದ್ದರೂ "ನಿಮಗೆ ಇದು ಆಗುತ್ತದಾ?" ಎಂದು ಮೂರು ಸಲ ಕೇಳುತ್ತೇನೆ, ಮಗಳು ನಗುತ್ತಾಳೆ.

ಮುಂದಿನ ವಾರ ಆ ಹುಲಿ ಬ್ಯಾಂಕಿನ ಬಾಗಿಲಿಗೆ ಬಂದು ನಿಂತ. ಬಿಕಾಶ್ ಎಂದು ಹೆಸರು, ಸಿಯಾಲ್ದಾ ಹತ್ತಿರದ ಒಂದು ಅಚ್ಚುಕೂಟದಲ್ಲಿ ಕೆಲಸ. ಹೆಗಲ ಮೇಲಿಂದ ಎತ್ತಿದ ಆ ಪಟ್ಟನ್ನು ಕಲಿಸುತ್ತೀರಾ ಎಂದು ಕೇಳಿದ. ಚನ್ನಪ್ಪನವರು ಅವನನ್ನು ಗಂಗೆಯ ಘಾಟಿನ ಅಖಾಡಕ್ಕೆ ಕರೆದೊಯ್ದರು. ಮೂರು ವರ್ಷ, ದಿನಾ ಬೆಳಗ್ಗೆ ಡ್ಯೂಟಿಗೆ ಮುಂಚೆ ಅವನನ್ನು ತಿದ್ದಿದರು. ನಾಲ್ಕನೆಯ ವರ್ಷದ ಒಂದು ಮುಂಜಾನೆ, ಯಾವ ಮಾತುಕತೆಯೂ ಇಲ್ಲದ ಕುಸ್ತಿಯಲ್ಲಿ, ಬಿಕಾಶ್ ಅವರನ್ನು ಅಂಗಾತ ಕೆಡವಿದ. ಚನ್ನಪ್ಪನವರು ಅಲ್ಲಿಂದ ನೇರ ನಮ್ಮ ಮನೆಗೆ ಬಂದು, ಹೊಸ್ತಿಲಾಚೆಯೇ ತಿರುಗಿ ನಿಂತು ಅಂಗಿ ಎತ್ತಿ ಮಣ್ಣು ಮೆತ್ತಿದ ಬೆನ್ನು ತೋರಿಸಿದರು. ಒಳಗೆ ಬಂದು ಎಂಟು ರೊಟ್ಟಿ ತಿಂದರು. ಮರುದಿನ ಬ್ಯಾಂಕಿಗೆ ರಜೆ ಹಾಕಿ, ತಾನು ಸೋತ ಸುದ್ದಿಯನ್ನು ಉಸ್ತಾದರಿಗೆ ಹೇಳಿಬರಲು ಊರಿನ ರೈಲು ಹತ್ತಿದರು.