ಬಲೆಯಾಚೆ ಹಕ್ಕಿಗೊಂದು ಸಾಲು

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ನೂಲ ಗ್ರಾಮದಲ್ಲಿ ಇನ್ನೂ ಮಂಜು ಕರಗಿಲ್ಲ. ಊರ ಹೊರಗೆ, ಕಬ್ಬಿನ ಹೊಲಗಳ ನಡುವೆ ನಾಲ್ಕು ಗುಂಟೆಯ ಜೋಳದ ತಾಕು. ಸುತ್ತ ತಂತಿ ಬೇಲಿ, ಮೇಲೆ ಹಸಿರು ಬಲೆ. ಕಾವಲುಗಾರ ಜಿನಗೊಂಡ ಪಾಟೀಲ ಬಲೆಯ ಅಂಚನ್ನು ಬೆರಳಿನಿಂದ ತಡವುತ್ತ ನಡೆಯುತ್ತಿದ್ದಾರೆ. ತೂತು ಸಿಕ್ಕಲ್ಲಿ ಕುಕ್ಕರುಗಾಲಲ್ಲಿ ಕೂತು ಸೂಜಿ ದಾರ ತೆಗೆಯುತ್ತಾರೆ. ಅಷ್ಟರಲ್ಲಿ ಗುಬ್ಬಿಗಳ ಹಿಂಡೊಂದು ಇಳಿಯುತ್ತದೆ. ಜಿನಗೊಂಡ ಡಬ್ಬಿ ಬಡಿದು, "ಜಾ ಬಾಬಾ, ಪಲೀಕಡೆ ಜಾ" ಎಂದು ಹಳ್ಳದ ಆಚೆಗೆ ಕೈ ತೋರಿಸುತ್ತಾರೆ. ಮನೆಯಲ್ಲಿ ಕನ್ನಡ, ಹಕ್ಕಿಗಳ ಜೊತೆ ಮರಾಠಿ. ಗಡಿನಾಡಿನ ಗುಬ್ಬಿಗಳಲ್ಲವೇ, ಎರಡೂ ತಿಳಿಯುತ್ತವೆ.

ಇದು ವಂಶವಾಹಿ ತಿದ್ದಿದ ಜೋಳ. ಕೊಲ್ಹಾಪುರದ ಖಾಸಗಿ ಬೀಜ ಕೇಂದ್ರವೊಂದು ಮುಚ್ಚಿದ ಕೋಣೆಯಲ್ಲಿ, ದೀಪದ ಬೆಳಕಿನಲ್ಲಿ ವರ್ಷಕ್ಕೆ ಮೂರು ನಾಲ್ಕು ಪೀಳಿಗೆ ಬೆಳೆಸಿ ಈ ತಳಿಯನ್ನು ಬೇಗ ಹೊಲಕ್ಕೆ ತಂದಿದೆ. ನೀರು ಕಡಿಮೆ ಸಾಕು, ಊರ ಜೋಳಕ್ಕಿಂತ ತಿಂಗಳು ಮೊದಲೇ ಕಾಳು ಕಟ್ಟುತ್ತದೆ. ತಾಪತ್ರಯ ಶುರುವಾಗುವುದೇ ಅಲ್ಲಿ. ಸುತ್ತ ಎಲ್ಲೂ ತೆನೆ ಇಲ್ಲದ ಹೊತ್ತಿನಲ್ಲಿ ಇಲ್ಲಿ ಮಾತ್ರ ಹಾಲುಗಾಳು. ಹಿರಣ್ಯಕೇಶಿ ನದಿಯ ಆಚೆಯ ಹಕ್ಕಿಗಳಿಗೂ ಸುದ್ದಿ ಮುಟ್ಟುತ್ತದೆ.

ಆದರೆ ಪರೀಕ್ಷೆ ಮುಗಿದು ಒಪ್ಪಿಗೆ ಸಿಗುವ ತನಕ ಇಲ್ಲಿನ ಒಂದು ಕಾಳೂ ಬೇಲಿ ದಾಟುವಂತಿಲ್ಲ, ಹಕ್ಕಿಯ ಹೊಟ್ಟೆಯಲ್ಲಿ ಕೂಡ. ಹಕ್ಕಿ ತಿಂದ ತೆನೆ ತಪಾಸಣೆಯವರ ಕಣ್ಣಿಗೆ ಬಿದ್ದರೆ ಆ ವರ್ಷದ ಪರೀಕ್ಷೆಯೇ ರದ್ದು.

"ಗುಬ್ಬಿಗೇನ್ ಗೊತ್ತರಿ, ಇದು ಒಪ್ಪಿಗಿ ಸಿಗದ ಜ್ವಾಳ ಅಂತ? ಹಸಿವಿ ಆಗೇತಿ, ಬಂದೈತಿ" ಎನ್ನುತ್ತಾರೆ ಜಿನಗೊಂಡ.

ಕೊರೋಚಿಯ ಪವರ್‌ಲೂಮಿನಲ್ಲಿ ಇಪ್ಪತ್ತು ವರ್ಷ ಹರಿದ ಎಳೆ ಗಂಟು ಹಾಕಿದವರು. ಮಗ್ಗದ ಸದ್ದಿಗೆ ಕಿವಿ ಮಂದವಾದ ಮೇಲೆ ಊರಿಗೆ ಮರಳಿದಾಗ ಸಿಕ್ಕಿದ್ದು ಈ ಕಾವಲು. ಕಿವಿ ಕೈಕೊಟ್ಟರೂ ಬೆರಳು ಕೈಕೊಟ್ಟಿಲ್ಲ ಎಂದು ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುತ್ತಾರೆ. ಕವಣೆ ಮಾತ್ರ ಮುಟ್ಟುವುದಿಲ್ಲ. ಜೈನರ ಮನೆ, ಕಲ್ಲು ತಗುಲಿ ಒಂದು ಹಕ್ಕಿ ಬಿದ್ದರೂ ಅನ್ನ ಇಳಿಯದು.

ಕಲ್ಲು ಬೀಸದಿದ್ದರೂ ಪಾಪ ತಪ್ಪಲಿಲ್ಲ. ಕೊಯ್ಲಿನಲ್ಲಿ ಕೊನೆಯ ಸಾಲನ್ನು ಹಕ್ಕಿಗೆ ಬಿಡುವುದು ಅವರ ಮನೆತನದ ರೂಢಿ. ಅಂಥ ಮನೆಯವರು ಹಕ್ಕಿಯ ತುತ್ತಿಗೇ ಅಡ್ಡ ನಿಂತರೆ ಹೇಗೆ? ಅದು ಅಂತರಾಯ ಕರ್ಮ, ಇನ್ನೊಂದು ಜೀವದ ತುತ್ತು ತಡೆದ ಪಾಪ, ಕಟ್ಟಿಕೊಂಡರೆ ಬಿಡುವುದಲ್ಲ ಎಂದು ಹೆಂಡತಿ ಶಾಲನ ಒಮ್ಮೆ ಹೇಳಿದರಂತೆ. ಮತ್ತೆ ಆ ಮಾತು ಎತ್ತಲಿಲ್ಲ. ಬಸದಿಗೆ ಒಯ್ಯುವ ಅಕ್ಕಿಯನ್ನು ಮಾತ್ರ ಗಂಡನ ಪಗಾರದಿಂದ ತರದೆ, ತಮ್ಮ ಹೊಲಿಗೆಯ ದುಡಿಮೆಯಿಂದ ತಂದು ಬೇರೆ ಡಬ್ಬಿಯಲ್ಲಿಟ್ಟರು.

"ಜಗಳಾ ಆಡಿದ್ರ ಚಲೋ ಇತ್ತರಿ" ಎನ್ನುತ್ತಾರೆ ಜಿನಗೊಂಡ. "ಅಕಿ ಸುಮ್ಮನ ಆ ಡಬ್ಬಿ ತಗದಾಗೊಮ್ಮೆ ನನಗ ಭಾಳ ಕೆಟ್ಟ ಅನಸ್ತಿತ್ತು."

ಎರಡನೇ ವರ್ಷ ಅವರೊಂದು ಉಪಾಯ ಹೂಡಿದರು. ಬೇಲಿಯ ಪಕ್ಕದಲ್ಲೇ ಹಕ್ಕಿಗೆಂದು ಊರ ಜೋಳ ಬಿತ್ತಿದರು. ಮೊಳಕಾಲೆತ್ತರ ಬಂದಾಗ ಕೇಂದ್ರದ ವಿಜ್ಞಾನಿ ಋತುಜಾ ನೋಡಿ ಗಾಬರಿಯಾದರು. ತಾಕಿನ ಪರಾಗ ಗಾಳಿಯಲ್ಲಿ ಹಾರಿ ಈ ಜೋಳಕ್ಕೆ ಬೆರೆತರೆ ಬೇಲಿ ಇದ್ದೂ ಇಲ್ಲದಂತೆ. ಹೂ ಬಿಡುವ ಮೊದಲು ಕೀಳಲೇಬೇಕಿತ್ತು. ಆಕೆಯೂ ಜೊತೆಗೆ ಬಗ್ಗಿ ಕಿತ್ತರು. ಹಾಲು ತುಂಬದ ಪೈರನ್ನು ತಿಪ್ಪೆಗೆ ಹಾಕುವಾಗ ಕೆಲಸವೇ ಬೇಡವೆನಿಸಿತ್ತು ಎನ್ನುತ್ತಾರೆ ಜಿನಗೊಂಡ. ಹಳ್ಳದ ಆಚೆ, ಗಾಳಿ ಮುಟ್ಟದಷ್ಟು ದೂರದಲ್ಲಿ ಬಿತ್ತಿದರೆ ಅಡ್ಡಿಯಿಲ್ಲವೆಂದು ದಾರಿ ತೋರಿಸಿದವರೂ ಋತುಜಾ ಅವರೇ.

ಅಲ್ಲಿ ದುಂಡಪ್ಪ ಎಂಬ ಲಿಂಗಾಯತ ರೈತರ ಹೊಲ. ಬದುವಿನ ಪಟ್ಟಿಯೊಂದನ್ನು ಬಿಟ್ಟುಕೊಟ್ಟರು, ಜೊತೆಗೆ ಚೇಷ್ಟೆಯನ್ನೂ. "ಊರ ಮಂದಿ ಹಕ್ಕಿ ಓಡಸಾಕ ಆಳ ಇಡ್ತಾರ. ನಮ್ಮ ಜಿನಗೊಂಡ ಹಕ್ಕಿಗೆ ಎಲಿ ಹಾಕಿ ಪಂಕ್ತಿ ಕುಂದ್ರಸ್ಯಾನ."

ಪಂಕ್ತಿ ಕೂಡಿಸುವುದೂ ಸುಲಭವಲ್ಲ. ತಾಕಿನ ಜೋಳ ಕಾಳು ಕಟ್ಟುವ ಹೊತ್ತಿಗೇ ಹಕ್ಕಿಗೆಂದು ಬಿತ್ತಿದ್ದೂ ಕಟ್ಟಬೇಕು.

"ಅವರ ಜ್ವಾಳ ಓಡತೈತಿ, ನಮ್ಮದು ನಡಕೋತ ಬರತೈತಿ. ಅದಕ್ಕ ನಾವ ಮೊದಲ ಹೊಂಡಬೇಕು" ಎಂದು ಜಿನಗೊಂಡ ತಿಂಗಳು ಮುಂಚೆಯೇ, ಮಳೆಯ ನಡುವೆಯೇ ಬಿತ್ತುತ್ತಾರೆ.

ಬಿಸಿಲೇರುವಷ್ಟರಲ್ಲಿ ಹಿಂಡುಗಳು ಹಳ್ಳ ದಾಟುತ್ತವೆ. ಈ ವರ್ಷದ ತಪಾಸಣೆಯಲ್ಲಿ ಕೊಕ್ಕು ತಾಗಿದ ತೆನೆ ಒಂದೂ ಸಿಕ್ಕಿಲ್ಲ. ಮನೆಯಲ್ಲೀಗ ಅಕ್ಕಿಗೆ ಒಂದೇ ಡಬ್ಬಿ. ಒಂದು ಬೆಳಿಗ್ಗೆ ಶಾಲನ ಬಸದಿಯ ಹಿಡಿ ಅಕ್ಕಿಯನ್ನು ಅದರಿಂದಲೇ ತೆಗೆದರಂತೆ.

ಆದರೂ ಕೊಯ್ಲಿನ ದಿನ ಅವರಿಗೆ ಸಂಕಟವೇ. ತಾಕಿನಲ್ಲಿ ಕೊನೆಯ ಸಾಲು ಬಿಡುವಂತಿಲ್ಲ, ಉಳಿದ ಕೂಳೆಯನ್ನೂ ಸುಡಬೇಕು. ನಿಮಗೇನು ಆಸೆ ಎಂದು ಕೇಳಿದೆ. ಪಗಾರದ ಮಾತು ಬರುತ್ತದೆಂದುಕೊಂಡಿದ್ದೆ.

"ಈ ಜ್ವಾಳಕ್ಕ ಒಪ್ಪಿಗಿ ಸಿಗಲಿ ಅಂತ ಬೇಡಕೋತೇನ್ರಿ. ಅವತ್ತ ಈ ಬಲಿ ನಾನ ಬಿಚ್ಚಬೇಕು."

ಬಲೆ ಹೋದರೆ ಕಾವಲೂ ಹೋಗುತ್ತದಲ್ಲ ಎಂದೆ.

"ಹೌದ್ರಿ, ಹೋಗತೈತಿ. ಹೋಗಲಿ. ಇಲ್ಲೇ ಬದುವಿನ ಮ್ಯಾಲ ಕುಂದರ್ತೇನಿ. ಇಷ್ಟ ವರ್ಷ ಓಡಿಸೇನಿ, ಅವು ಹೊಟ್ಟಿ ತುಂಬ ತಿನ್ನೂದ ಒಮ್ಮೆ ನೋಡತೇನಿ."