ಇಪ್ಪತ್ತೆರಡು ಮೇಜಿನ ವೆಂಡೆಲ್

ಅಮೆರಿಕದ ಮಿಲ್ವಾಕಿಯ ನಮ್ಮ ಚರ್ಚಿನ ಸಭಾಂಗಣದಲ್ಲಿ, ಇಪ್ಪತ್ತೆರಡು ಮೇಜಿನವರು ವೀರರ ಪಾತ್ರ ವಹಿಸಿ, ದಾಳ ಉರುಳಿಸಿ, ಎಲ್ಲರೂ ಸೇರಿ ಒಂದೇ ಡ್ರ್ಯಾಗನ್ ಕೊಲ್ಲುವ ಆಟವನ್ನು ವರ್ಷಾವರ್ಷ ನಡೆಸುವವನು ವೆಂಡೆಲ್. ತಮ್ಮ ಪಾಲಿನ ಹೊಡೆತ ಮುಗಿಯಿತೆಂದು ಎಲ್ಲ ಮೇಜಿನಿಂದಲೂ ಕೈ ಎದ್ದ ಮೇಲೆಯೇ ಡ್ರ್ಯಾಗನ್ ಸತ್ತಿತೆಂದು ಸಾರಬೇಕು; ಇವನೋ, ಒಂದು ಕೈ ಕಂಡರೆ ಸಾಕು, ಮೈಕಿನಲ್ಲಿ "ಸತ್ತೋಯ್ತು!" ಎಂದು ಕೂಗಿಬಿಡುತ್ತಾನೆ. "ಎಲ್ಲಿ ಸತ್ತಿದ್ಯೋ ಮಾರಾಯ? ಈಗ್ತಾನೆ ನನ್ನ ನುಂಗ್ತು!" ಎಂದು ಹದಿನಾರನೇ ಮೇಜಿನ ಡೋರೀನ್ ರೇಗುತ್ತಾಳೆ. "ಹಂಗಾದ್ರೆ ಅರ್ಧ ಸತ್ತಿದೆ, ಆಡ್ತಾ ಇರಿ" ಎನ್ನುತ್ತಾನೆ. ಕೈ ಎತ್ತಿದವನು ಕಾಫಿ ಕೇಳಿದ್ದನೆಂದು ಆಮೇಲೆ ತಿಳಿಯುತ್ತದೆ. ಈ ಸಲ ಒಂದು ಮೇಜಿಗೆ ಆಳು ಸಾಲದಾಗ "ನೀನೇ ಕೂತ್ಕೊಳೋ" ಎಂದು ವೆಂಡೆಲ್‌ಗೆ ಹೇಳಿದೆ. ಜೇಬಿನಿಂದ ಮಡಿಸಿ ಮಡಿಸಿ ಸವೆದ ಹಾಳೆ ತೆಗೆದ: ಇಪ್ಪತ್ತು ವರ್ಷದ ಹಿಂದೆ ಬರೆದಿಟ್ಟ ತನ್ನ ವೀರ, ಒಮ್ಮೆಯೂ ಆಡದೆ ಇನ್ನೂ ಒಂದನೇ ಹಂತದಲ್ಲೇ. ದಾಳ ಹಿಡಿದು ನನ್ನ ಕಿವಿಯಲ್ಲಿ ಕೇಳಿದ: "ಈಗ ನಾನೇನ್ ಮಾಡ್ಬೇಕು?"