ಹನ್ನೆರಡರ ವರ್ಗದ ಕೌದಿ

ಅದು ಮೇ ತಿಂಗಳೋ ಜೂನೋ, ನನಗೀಗ ಖಾತ್ರಿಯಿಲ್ಲ. ಅಂಗಳದ ಬಿಸಿಲು ಕಣ್ಣಿಗೆ ಕಟ್ಟಿದಂತಿದೆ, ಆದರೆ ಅದು ಬೇರೆ ಯಾವುದೋ ವರ್ಷದ ಬಿಸಿಲೂ ಇರಬಹುದು. ಲೆಕ್ಕ ಮಾತ್ರ ಚೆನ್ನಾಗಿ ನೆನಪಿದೆ, ಏಕೆಂದರೆ ತಪ್ಪಿದ್ದೇ ಅದು.

ನಾವು ಚಿತ್ತಾಪುರದಲ್ಲಿದ್ದೆವು. ನಾನು ಏಳನೆಯ ತರಗತಿಗೆ ಸೇಡಂನ ಹಾಸ್ಟೆಲ್ ಸೇರುವವಳಿದ್ದೆ. ಹೋಗುವಾಗ ನನ್ನದೇ ಒಂದು ಕೌದಿ ಬೇಕೆಂದು ಹಟ ಹಿಡಿದಿದ್ದೆ. ಮನೆಯಲ್ಲಿದ್ದವೆಲ್ಲ ಇಬ್ಬರು ಮೂವರು ಎಳೆದಾಡಿ ಹೊದೆಯುವಂಥವು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಒಪ್ಪಿದಳು. ಕಾಕಿಯ, ಅಂದರೆ ಚಿಕ್ಕಪ್ಪನ ಹೆಂಡತಿಯ, ಕೂಸಿಗೆ ಅವಳು ಆಗಷ್ಟೇ ಪುಟ್ಟ ಕೌದಿ ಹೊಲಿದಿದ್ದಳು: ಹಳೆ ಸೀರೆಗಳ ಚೌಕ ತುಂಡುಗಳು, ಉದ್ದಕ್ಕೆ ಆರು, ಅಗಲಕ್ಕೆ ಆರು, ಒಟ್ಟು ಮೂವತ್ತಾರು. ನನ್ನದು ಉದ್ದ ಅಗಲ ಎರಡರಲ್ಲೂ ಅದರ ಎರಡು ಪಟ್ಟು ಇರಲಿ ಎಂದಾಯಿತು. ಎಷ್ಟು ತುಂಡು ಕತ್ತರಿಸಲಿ ಎಂದು ಆಯಿ ಕೇಳಿದಳು. ಎಪ್ಪತ್ತೆರಡು ಎಂದೆ. ಶಾಲೆಯಲ್ಲೂ ಅಷ್ಟೇ, ಸಂಖ್ಯೆಯ ತಲೆಯ ಮೇಲೆ ಸಣ್ಣ ಎರಡು ಕಂಡರೆ ಎರಡರಿಂದ ಗುಣಿಸಿಬಿಡುತ್ತಿದ್ದೆ. ನನ್ನ ಲೆಕ್ಕದಲ್ಲಿ ಆರರ ವರ್ಗ ಹನ್ನೆರಡು.

ತುಂಡುಗಳನ್ನು ಅಂಗಳದ ಫರಸಿ ಕಲ್ಲಿನ ಮೇಲೆ ಜೋಡಿಸಿದೆವು. ಉದ್ದ ಸರಿಯಾಯಿತು, ಅಗಲ ಕೂಸಿನದೇ ಉಳಿಯಿತು. ಆಯಿ ನನ್ನನ್ನು ಅದರ ಮೇಲೆ ಮಲಗಿಸಿ ನೋಡಿದಳು.

"ಉದ್ದ ಬೆಳದದ, ಅಗಲ ಬೆಳೀಬ್ಯಾಡೇನವ್ವ? ಒಂದೇ ಮಗ್ಗಲಿಗಿ ಮಕ್ಕೊಂಡು ಸಾಲಿ ಕಲಿತಿ ಏನು?"

ಕಾಕಿ ನಗುತ್ತ ಕೂಸಿನ ಕೌದಿ ತಂದು ಮೇಲೆ ಹಾಸಿದಳು. ಅದು ಎರಡು ಸಲ ಕೂತಿತು. ಪಕ್ಕದ ಖಾಲಿ ನೆಲದಲ್ಲಿ ಇನ್ನೆರಡು ಸಲ. ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕಿತ್ತು. ಹನ್ನೆರಡು ಸಾಲು, ಸಾಲಿಗೆ ಹನ್ನೆರಡು ತುಂಡು, ನೂರ ನಲವತ್ನಾಲ್ಕು. ಆ ಸಣ್ಣ ಎರಡು ಕೇಳುವುದು ಇದನ್ನೇ: ಸಂಖ್ಯೆ ತನ್ನನ್ನು ತನ್ನಿಂದಲೇ ಗುಣಿಸಿಕೊಳ್ಳಬೇಕು. ಇದನ್ನು ಮೊದಲು ಹೇಳಿದ್ದು ನಾನೇ ಎಂದು ನನ್ನ ನೆನಪು ಹೇಳುತ್ತದೆ. ಅದು ಯಾವಾಗಲೂ ನನ್ನ ಪರವೇ. ಹುರುಪಿನಲ್ಲಿ, ತಲೆಯ ಮೇಲೆ ಮೂರಿದ್ದರೆ ದಪ್ಪವನ್ನೂ ಹನ್ನೆರಡು ಪದರ ಮಾಡಬೇಕಲ್ಲ ಎಂದೆ.

"ಹಂಗಾದ್ರ ಅದು ಗಾದಿ ಆಗ್ತದ. ಬಸ್ಸಿನ್ಯಾಗ ಯಾರ್ ಹೊರ್ತಾರ?" ಎಂದಳು ಆಯಿ.

ಆದರೆ ಹಳೆ ಬಟ್ಟೆ ಮುಗಿದಿತ್ತು, ನಾನು ಹೊರಡುವ ದಿನ ಹತ್ತಿರ ಬಂದಿತ್ತು. ಅಪ್ಪನ ಲುಂಗಿ, ನನ್ನ ಗಿಡ್ಡವಾದ ಲಂಗ, ಪಕ್ಕದ ಮನೆಯ ದಿಂಬಿನ ಚೀಲ ಎಲ್ಲ ಸೇರಿದರೂ ಮೂರು ಸಾಲು ಖಾಲಿ ಉಳಿದವು. ಆಗ ಕಾಕಿ ಒಳಗಿನಿಂದ ಒಂದು ಹಳದಿ ಸೀರೆ ತಂದಳು, ಹರಿದಿದೆ ಎಂದಳು. ಕೌದಿ ಹಸಿದಿರಬಾರದೆಂದು ಆಯಿ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿದು ಮುಗಿಸಿದಳು.

ಆ ಕೌದಿ ಈಗ ವಾಡಿಯ ನನ್ನ ಮನೆಯಲ್ಲಿದೆ. ಉಳಿದ ತುಂಡುಗಳೆಲ್ಲ ಸವೆದು ಜಾಳಾಗಿವೆ, ಹಳದಿ ಸಾಲುಗಳು ಮಾತ್ರ ಇನ್ನೂ ಗಟ್ಟಿ. ಹೋದ ತಿಂಗಳು ಕಾಕಿ ಬಂದಾಗ ಆ ಸೀರೆಯ ಬಗ್ಗೆ ಕೇಳಿದೆ. ಆಯಿಯ ಹೊಲಿಗೆ ಎಷ್ಟು ಸಣ್ಣ ಇತ್ತು ನೋಡು ಎಂದು ಹೇಳಿ ಕೌದಿಯನ್ನು ಮಡಚಿಟ್ಟಳು. ನಾನು ಕೇಳಿದ್ದು ಹೊಲಿಗೆಯ ಬಗ್ಗೆ ಅಲ್ಲ.

"ಕಾಕಿ, ಆ ಸೀರಿ ಅವತ್ತು ಖರೇನ ಹರಿದಿತ್ತೇನು?"